ಅಳೆದೂ ಸುರಿದೂ ಆರಿಸುವುದು: ಗಾತ್ರ, ಸಾಂದ್ರತೆ, ಹರಿವಿಗೆ ಯಾವ ಸಾಧನ?

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರವಾಗುತ್ತಿದ್ದಂತೆ ಮಂಡ್ಯದ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಪ್ರತಿ ವರ್ಷವೂ ಕೇಳಿಬರುವ ಪ್ರಶ್ನೆ ಒಂದೇ: "ಮೇಡಂ, ಯಾವ ಮೀಟರ್ ತರಿಸೋಣ?" ಉತ್ತರ ಎಷ್ಟು ನಿಖರವಾಗಿ ಬೇಕು, ನೂರಕ್ಕೆ ಐದು ತಪ್ಪಿದರೆ ನಡೆಯುತ್ತದೆಯೋ ಅಥವಾ ಅರ್ಧವೂ ತಪ್ಪಬಾರದೋ ಎಂದು ನಾನು ತಿರುಗಿ ಕೇಳಿದರೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಸಾಧನದ ಡಬ್ಬಿಯ ಮೇಲೆ ಅಚ್ಚಾಗಿರುವ ಲೀಸ್ಟ್ ಕೌಂಟನ್ನೇ, ಅಂದರೆ ಅದು ತೋರಿಸಬಲ್ಲ ಅತಿ ಸಣ್ಣ ಅಳತೆಯನ್ನೇ, ಅವರು ಉತ್ತರದ ನಿಖರತೆ ಎಂದು ಭಾವಿಸಿರುತ್ತಾರೆ. ಆದರೆ ಓದಿಕೊಂಡ ಸಂಖ್ಯೆಯಲ್ಲಿರುವ ಸಣ್ಣ ತಪ್ಪು ಲೆಕ್ಕದ ಯಾವ ಹಂತದಲ್ಲಿ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದನ್ನು ಮೊದಲು ಕಾಗದದ ಮೇಲೆ ನೋಡಿಕೊಂಡರೆ, ಯಾವ ಸಾಧನ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ. ಕೆಳಗಿನ ಹೋಲಿಕೆಗಳನ್ನು ಆ ದೃಷ್ಟಿಯಿಂದಲೇ ಮಾಡಿದ್ದೇನೆ.

ಗಾತ್ರ: ಜಾಡಿ, ಬ್ಯುರೆಟ್, ಇಲ್ಲವೇ ತಕ್ಕಡಿ

ಬೀಕರಿನ ಮೇಲಿರುವ ಗೆರೆಗಳು ಅಂದಾಜಿಗೆ ಮಾತ್ರ. ಅವು ಸಾಮಾನ್ಯವಾಗಿ ನೂರಕ್ಕೆ ಐದರಷ್ಟು ಆಚೀಚೆ ಇರುತ್ತವೆ. 100 ಮಿ.ಲೀ. ಅಳತೆ ಜಾಡಿಯಲ್ಲಿ ಎ ದರ್ಜೆಯದಾದರೆ ಅರ್ಧ ಮಿ.ಲೀ., ಬಿ ದರ್ಜೆಯದಾದರೆ ಒಂದು ಮಿ.ಲೀ. ವ್ಯತ್ಯಾಸಕ್ಕೆ ಅವಕಾಶವಿದೆ. ಕೆಳಗೆ ನಲ್ಲಿಯಿರುವ ಉದ್ದ ಗಾಜಿನ ಕೊಳವೆಯಾದ ಬ್ಯುರೆಟ್ಟಿನಲ್ಲಿ, 50 ಮಿ.ಲೀ. ಎ ದರ್ಜೆಯದಾದರೆ, ಅದು 0.05 ಮಿ.ಲೀ., 25 ಮಿ.ಲೀ. ಪಿಪೆಟ್ಟಿನಲ್ಲಿ 0.03 ಮಿ.ಲೀ. ಈ ಅಂಕಿಗಳನ್ನು ನೋಡಿ ಎಲ್ಲಕ್ಕೂ ಬ್ಯುರೆಟ್ ಹಿಡಿಯಬೇಕಾಗಿಲ್ಲ. 90 ಮಿ.ಲೀ. ನೀರನ್ನು ಬಿ ದರ್ಜೆಯ ಜಾಡಿಯಲ್ಲಿ ಅಳೆದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ತಪ್ಪು. ಅದೇ ಜಾಡಿಯಲ್ಲಿ 10 ಮಿ.ಲೀ. ಅಳೆದರೆ ನೂರಕ್ಕೆ ಹತ್ತು. ಅಳೆಯಬೇಕಾದ ದ್ರವ ಪಾತ್ರೆಯ ಬಹುಪಾಲನ್ನು ತುಂಬುವಂತಿರಬೇಕು. ಕೊಳಗದಲ್ಲಿ ಪಾವು ರಾಗಿ ಅಳೆಯಲು ನಮ್ಮ ಅಜ್ಜಿಯರು ಒಪ್ಪುತ್ತಿರಲಿಲ್ಲ ಎಂಬುದನ್ನು ನೆನೆದರೆ ಇದಕ್ಕೆ ಹೆಚ್ಚಿನ ವಿವರಣೆ ಬೇಡ.

ಗಾಜಿನ ಸಾಮಾನುಗಳಲ್ಲಿ ಎರಡು ಜಾತಿಗಳಿವೆ ಎಂಬುದನ್ನು ಹಲವರು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಿದಾಗಲೇ ಅರಿಯುತ್ತಾರೆ. ಗುರುತಿನವರೆಗೆ ತುಂಬಿದರೆ ಒಳಗೆ ಇಷ್ಟು ಹಿಡಿಯುತ್ತದೆ ಎಂದು ಹೇಳುವಂಥದ್ದು ವಾಲ್ಯೂಮೆಟ್ರಿಕ್ ಫ್ಲಾಸ್ಕ್. ಹೊರಗೆ ಇಷ್ಟು ಸುರಿಯುತ್ತದೆ ಎಂದು ಹೇಳುವಂಥದ್ದು ಪಿಪೆಟ್ ಮತ್ತು ಬ್ಯುರೆಟ್. ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಹನಿಯನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ತಯಾರಿಸಿರುತ್ತಾರೆ. ಅದನ್ನು ಊದಿ ಬೀಳಿಸಿದರೆ ಶ್ರದ್ಧೆಯಿಂದಲೇ ತಪ್ಪು ಮಾಡಿದಂತಾಗುತ್ತದೆ.

ನೀರಿನಂಥ, ಸಾಂದ್ರತೆ ಗೊತ್ತಿರುವ ದ್ರವದ ಗಾತ್ರ ಬೇಕಿದ್ದರೆ ನನ್ನ ಆಯ್ಕೆ ಮಾತ್ರ ಗಾಜಿನ ಯಾವ ಪಾತ್ರೆಯೂ ಅಲ್ಲ, 0.01 ಗ್ರಾಂ ತೋರಿಸುವ ತಕ್ಕಡಿ. ಹತ್ತು ಮಿ.ಲೀ. ನೀರನ್ನು ತೂಗಿ ಸಾಂದ್ರತೆಯಿಂದ ಭಾಗಿಸಿದರೆ ಸಿಗುವ ಗಾತ್ರ ಜಾಡಿಯ ಓದಿಗಿಂತ ಎಷ್ಟೋ ಪಾಲು ನಂಬಿಕೆಗೆ ಅರ್ಹವಾದದ್ದು. ಗಾಳಿಯ ತೇಲುಬಲದಿಂದಾಗುವ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟಿರುತ್ತದೆ, ಪದವಿ ಮಟ್ಟದ ಕೆಲಸದಲ್ಲಿ ಅದನ್ನು ಬಿಡಬಹುದು. ಹೊಸ ಪ್ಲಾಸ್ಟಿಕ್ ಜಾಡಿಯೋ ಔಷಧದ ಅಂಗಡಿಯ ಸಿರಿಂಜೋ ಕೈಗೆ ಬಂದರೆ ಮೊದಲು ಈ ಬಗೆಯಲ್ಲಿ ನೀರು ತೂಗಿ ಅದರ ಗೆರೆಗಳನ್ನು ಪರೀಕ್ಷಿಸಿಕೊಳ್ಳಿ.

ಸಾಂದ್ರತೆ: ಮೂರು ದಾರಿ, ಮೂರು ಬಗೆಯ ತಪ್ಪು

ಘನವಸ್ತುವಿನಿಂದ ಆರಂಭಿಸೋಣ. ಐದು ಘನ ಸೆಂ.ಮೀ. ಗಾತ್ರದ ಒಂದು ಕಲ್ಲಿನ ಚೂರನ್ನು 100 ಮಿ.ಲೀ. ಜಾಡಿಯ ನೀರಿನಲ್ಲಿ ಮುಳುಗಿಸಿ ಮಟ್ಟ ಏರಿದ್ದನ್ನು ಓದುವುದು ಪ್ರೌಢಶಾಲೆಯಿಂದಲೂ ಬಂದ ಪದ್ಧತಿ. ಮುಳುಗಿಸುವ ಮೊದಲು ಒಂದು ಓದು, ಆಮೇಲೆ ಒಂದು ಓದು. ಪ್ರತಿಯೊಂದರಲ್ಲೂ ಅರ್ಧ ಮಿ.ಲೀ. ಅನುಮಾನ ಇದ್ದರೆ ಐದರಲ್ಲಿ ಒಂದರವರೆಗೆ, ಅಂದರೆ ನೂರಕ್ಕೆ ಇಪ್ಪತ್ತರಷ್ಟು ತಪ್ಪಿಗೆ ಎಡೆಯಾಯಿತು. ಅದೇ ಚೂರನ್ನು ಸಣ್ಣ ದಾರದಲ್ಲಿ ಕಟ್ಟಿ, ಒಮ್ಮೆ ಗಾಳಿಯಲ್ಲಿ, ಒಮ್ಮೆ ನೀರಿನಲ್ಲಿ ಇಳಿಬಿಟ್ಟು 0.01 ಗ್ರಾಂ ತಕ್ಕಡಿಯಲ್ಲಿ ತೂಗಿದರೆ ತೂಕದ ಇಳಿಕೆ ಐದು ಗ್ರಾಂ. ಎರಡು ಓದುಗಳ ಅನುಮಾನ ಸೇರಿದರೂ 0.02 ಗ್ರಾಂ, ಅಂದರೆ ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಆರ್ಕಿಮಿಡೀಸನ ಈ ಹಳೆಯ ದಾರಿಗೆ ಬೇಕಾದದ್ದು ತಕ್ಕಡಿಯ ಪಕ್ಕದಲ್ಲೊಂದು ಕಬ್ಬಿಣದ ಸ್ಟ್ಯಾಂಡ್ ಮಾತ್ರ. ಪಕ್ಕದಲ್ಲಿ ಮೂತಿಯಿರುವ ಯುರೇಕಾ ಕ್ಯಾನಿನಿಂದ ಹೊರಚೆಲ್ಲಿದ ನೀರನ್ನು ಹಿಡಿದು ತೂಗುವುದು ನಡುವಿನ ದಾರಿ. ಆದರೆ ಅದರ ಮೂತಿಯಲ್ಲಿ ಒಂದೆರಡು ಹನಿ ಅಂಟಿಕೊಳ್ಳುವುದನ್ನು ತಪ್ಪಿಸಲು ಆಗದ್ದರಿಂದ ದೊಡ್ಡ ಕಲ್ಲಿಗಷ್ಟೇ ಅದನ್ನು ಬಳಸಿ.

ದ್ರವಗಳ ಸಾಂದ್ರತೆಗೆ ಪಿಕ್ನೋಮೀಟರ್ ಎಂದು ಕರೆಯುವ 50 ಮಿ.ಲೀ. ಸಾಂದ್ರತಾ ಬಾಟಲಿ, ದ್ರವದಲ್ಲಿ ತೇಲಿಬಿಟ್ಟು ಓದುವ ಗಾಜಿನ ಕಡ್ಡಿಯಾದ ಹೈಡ್ರೋಮೀಟರ್, ಇನ್ನು ಸಕ್ಕರೆಯಿರುವ ರಸಗಳಿಗಾದರೆ ಕೈಯಲ್ಲಿ ಹಿಡಿದು ನೋಡುವ ರಿಫ್ರ್ಯಾಕ್ಟೋಮೀಟರ್ ಇವೆ. ಬಾಟಲಿಯೇ ಅತ್ಯಂತ ನಿಖರ ಎಂದು ಪಠ್ಯಗಳು ಹೇಳುತ್ತವೆ, ಅದು ನಿಜವೂ ಹೌದು. 50 ಗ್ರಾಂ ನೀರಿನಲ್ಲಿ 0.02 ಗ್ರಾಂ ತಪ್ಪಿದರೆ ಹತ್ತು ಸಾವಿರಕ್ಕೆ ನಾಲ್ಕು ಮಾತ್ರ. ಆದರೆ ರೆಕಾರ್ಡ್ ಪುಸ್ತಕಗಳನ್ನು ತಿದ್ದುವಾಗ ನಾನು ಮತ್ತೆ ಮತ್ತೆ ಕಾಣುವುದು ಬೇರೊಂದನ್ನು. ಬಾಟಲಿಯ ಗಾತ್ರವನ್ನು ನೀರಿನಿಂದ ಕಂಡುಕೊಳ್ಳುವಾಗ ನೀರಿನ ಸಾಂದ್ರತೆ ಒಂದು ಎಂದು ಬರೆದುಬಿಡುತ್ತಾರೆ. ಅದು 4 ಡಿಗ್ರಿ ಸೆಲ್ಸಿಯಸ್ಸಿನ ಮಾತು. 20 ಡಿಗ್ರಿಯಲ್ಲಿ ಅದು 0.9982, 30 ಡಿಗ್ರಿಯಲ್ಲಿ 0.9957. ಏಪ್ರಿಲ್ ಮಧ್ಯಾಹ್ನದ ಮಂಡ್ಯದಲ್ಲಿ ಕೊಠಡಿಯ ನೀರು 30 ಡಿಗ್ರಿಗೆ ಮುಟ್ಟಿರುತ್ತದೆ. ಆಗ ಈ ಒಂದು ಅಸಡ್ಡೆಯಿಂದಾಗುವ ತಪ್ಪು ತಕ್ಕಡಿಯ ತಪ್ಪಿಗಿಂತ ಹತ್ತು ಪಟ್ಟು ದೊಡ್ಡದು. ಗಾಜೇನೂ ಅಷ್ಟು ಹಿಗ್ಗುವುದಿಲ್ಲ. ಹತ್ತು ಡಿಗ್ರಿ ಏರಿದರೆ ಬೋರೋಸಿಲಿಕೇಟ್ ಗಾಜಿನ ಪಾತ್ರೆಯ ಗಾತ್ರ ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರ ಹೆಚ್ಚುತ್ತದೆ. ಬಾಟಲಿಯ ಮುಚ್ಚಳದ ಕೆಳಗೆ ಸಿಕ್ಕಿಕೊಂಡ 0.2 ಮಿ.ಲೀ. ಗಾಳಿಗುಳ್ಳೆಯೂ ಅಷ್ಟೇ ಹಾನಿ ಮಾಡುತ್ತದೆ. ಆದ್ದರಿಂದ ಇನ್ನೂ ಬೆಲೆಬಾಳುವ ತಕ್ಕಡಿ ಕೇಳುವ ಮೊದಲು ಒಂದು ಒಳ್ಳೆಯ ಥರ್ಮಾಮೀಟರ್ ಕೇಳಿ.

ಹೈಡ್ರೋಮೀಟರ್ ಮತ್ತು ರಿಫ್ರ್ಯಾಕ್ಟೋಮೀಟರ್ ನಡುವಣ ಆಯ್ಕೆಯನ್ನು ಆಲೆಮನೆಯೊಂದರಲ್ಲಿ ಕಂಡಂತೆ ಹೇಳುವುದು ಸುಲಭ. ಬೆಲ್ಲದ ಇಳುವರಿ ಕುರಿತ ಪ್ರಾಜೆಕ್ಟಿಗಾಗಿ ನಾಲ್ವರು ವಿದ್ಯಾರ್ಥಿಗಳ ಜೊತೆ ನಾನೂ ಹೋಗಿದ್ದೆ. ಗಾಣದಿಂದ ಆಗತಾನೆ ಇಳಿದ ಕಬ್ಬಿನ ಹಾಲನ್ನು ಅರ್ಧ ಲೀಟರ್ ಜಾಡಿಗೆ ಸುರಿದು ಬ್ರಿಕ್ಸ್ ಹೈಡ್ರೋಮೀಟರ್ ಇಳಿಬಿಟ್ಟಾಗ ಮೇಲೆ ಎರಡು ಬೆರಳು ನೊರೆ ನಿಂತಿತು; ಗೆರೆ ಕಾಣದೆ ಹುಡುಗನೊಬ್ಬ ಊದಿದ, ಕಡ್ಡಿ ಜಾಡಿಯ ಗೋಡೆಗೆ ವಾಲಿ ಅಂಟಿಕೊಂಡಿತು. ಆತ ಓದಿದ್ದು 19. ಹತ್ತು ನಿಮಿಷ ಬಿಟ್ಟು ನೊರೆ ತೆಗೆದು, ಸಿಪ್ಪೆಯ ಚೂರುಗಳನ್ನು ಬಟ್ಟೆಯಲ್ಲಿ ಸೋಸಿ, ಕಡ್ಡಿಯನ್ನು ಮೆಲ್ಲಗೆ ತಿರುಗಿಸಿ ನಡುವೆ ನಿಲ್ಲಿಸಿ ನೋಡಿದಾಗ 18ಕ್ಕಿಂತ ಒಂದು ಕೂದಲು ಕೆಳಗೆ. ನೂರು ಗ್ರಾಂ ರಸದಲ್ಲಿ 18 ಗ್ರಾಂ ಸಕ್ಕರೆ ಎಂಬುದು 18 ಬ್ರಿಕ್ಸಿನ ಅರ್ಥ, ಸಾಂದ್ರತೆಯಲ್ಲಿ ಹೇಳುವುದಾದರೆ ಸುಮಾರು 1.074. ಕೊಪ್ಪರಿಗೆಯ ಪಕ್ಕ ಪಾಕದ ಹದ ನೋಡುತ್ತಿದ್ದ ಹಿರಿಯರು ಇದನ್ನೆಲ್ಲ ಸುಮ್ಮನೆ ನೋಡಿ, "ಹದಕ್ಕೆ ಬಂದ್ರೆ ನೀರಿಗೆ ಬಿಟ್ರೇ ಗೊತ್ತಾಯ್ತದೆ ಮೇಡಂ" ಎಂದರು. ಪಾಕದ ವಿಷಯದಲ್ಲಿ ಅವರ ಮಾತು ಸರಿ; ಹಾಲಿನ ವಿಷಯದಲ್ಲಿ ನಮಗೆ ಸಂಖ್ಯೆಯೇ ಬೇಕಿತ್ತು.

ರಿಫ್ರ್ಯಾಕ್ಟೋಮೀಟರಿಗೆ ಎರಡು ಮೂರು ಹನಿ ಸಾಕು, ನೊರೆಯ ಗೊಡವೆಯಿಲ್ಲ, ಸ್ವಲ್ಪ ಹೊತ್ತಿನಲ್ಲೇ ಹತ್ತು ಜಲ್ಲೆಗಳ ರಸ ನೋಡಬಹುದು. ಆದರೆ ಅದು ಸಾಂದ್ರತೆಯನ್ನು ಅಳೆಯುವುದೇ ಇಲ್ಲ. ಬೆಳಕು ಬಾಗುವ ಪ್ರಮಾಣವನ್ನು ಅಳೆದು, ಶುದ್ಧ ಸಕ್ಕರೆಯ ದ್ರಾವಣವೆಂದು ಭಾವಿಸಿ ಬ್ರಿಕ್ಸ್ ತೋರಿಸುತ್ತದೆ. ಪ್ರಾಜೆಕ್ಟಿನ ಹೆಸರಿನಲ್ಲೇ ಸಾಂದ್ರತೆ ಎಂಬ ಮಾತಿದ್ದರೆ ಪರೀಕ್ಷಕರು ಇದನ್ನು ಎತ್ತದೆ ಬಿಡುವುದಿಲ್ಲ. ಕಬ್ಬಿನ ತಳಿಗಳನ್ನು ಒಂದಕ್ಕೊಂದು ಹೋಲಿಸುವುದಷ್ಟೇ ಉದ್ದೇಶವಾದರೆ ರಿಫ್ರ್ಯಾಕ್ಟೋಮೀಟರ್. ಕೊಪ್ಪರಿಗೆಗೆ ಹೋಗುವ ರಸದ ಗಾತ್ರವನ್ನು ತೂಕಕ್ಕೆ ಪರಿವರ್ತಿಸಬೇಕಾದರೆ ಹೈಡ್ರೋಮೀಟರ್. ಇವೆರಡನ್ನೂ ಒರೆಗೆ ಹಚ್ಚಬೇಕಾದರೆ ಸೋಸಿದ ರಸದ ಒಂದೆರಡು ಮಾದರಿಗಳನ್ನು ಬಾಟಲಿಯಲ್ಲಿ ತೂಗಿ ನೋಡುವುದು ನನ್ನ ಸಲಹೆ. 20 ಡಿಗ್ರಿಗೆ ಗುರುತು ಹಾಕಿದ ಸಾಧನವನ್ನು 30 ಡಿಗ್ರಿಯ ರಸದಲ್ಲಿ ಓದಿದರೆ ಸುಮಾರು 0.7 ಬ್ರಿಕ್ಸ್ ಸೇರಿಸಬೇಕಾಗುತ್ತದೆ. ಕಡ್ಡಿಯ ಮೇಲೆ ಯಾವ ಉಷ್ಣತೆ ಅಚ್ಚಾಗಿದೆ ಎಂದು ನೋಡದೆ ಈ ತಿದ್ದುಪಡಿ ಮಾಡಬೇಡಿ.

ಹಾಲಿನ ಡೈರಿಯ ಲ್ಯಾಕ್ಟೋಮೀಟರ್ ಕೂಡ ಹೈಡ್ರೋಮೀಟರೇ. ಅದು 28 ತೋರಿಸಿದರೆ ಸಾಂದ್ರತೆ 1.028 ಎಂದು ಓದಿಕೊಳ್ಳಬೇಕು. ನೀರು ಬೆರೆಸಿದರೆ ಓದು ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಲೆಕ್ಕವಿಟ್ಟು ಮಾಡಿದವನನ್ನು ಈ ಕಡ್ಡಿ ಹಿಡಿಯಲಾರದು. ಕಲಬೆರಕೆಯ ಪ್ರಾಜೆಕ್ಟಿಗೆ ಕೊಬ್ಬಿನ ಪರೀಕ್ಷೆ ಜೊತೆಗಿಲ್ಲದೆ ಇದನ್ನೊಂದನ್ನೇ ನೆಚ್ಚಿಕೊಳ್ಳುವುದು ಸಲ್ಲ.

ಮಣ್ಣಿನ ಸಾಂದ್ರತೆಯ ಆಯ್ಕೆ ನೇರವಾದದ್ದು. ನಾಲೆಯ ಬಯಲಿನ ಹಸಿ ಜೇಡಿಗೆ ಕೋರ್ ಕಟರ್, ಹತ್ತು ಸೆಂ.ಮೀ. ಒಳವ್ಯಾಸದ, ಸುಮಾರು ಸಾವಿರ ಘನ ಸೆಂ.ಮೀ. ಹಿಡಿಯುವ ಈ ಉಕ್ಕಿನ ಕೊಳವೆಯನ್ನು ಹೊಡೆದಿಳಿಸಿ, ತೆಗೆದು ತೂಗಿದರೆ ಕೆಲಸ ಮುಗಿಯಿತು. ಗರಸು ಬೆರೆತ ಕೆಂಪು ಮಣ್ಣಿಗೆ ಅದು ಒಗ್ಗುವುದಿಲ್ಲ, ಕಲ್ಲಿಗೆ ತಾಗಿ ಅಂಚು ಮಡಚಿಕೊಳ್ಳುತ್ತದೆ. ಅಲ್ಲಿ ಗುಂಡಿ ತೋಡಿ ಅದರ ಗಾತ್ರವನ್ನು ಮರಳು ತುಂಬಿ ಕಂಡುಹಿಡಿಯುವ ವಿಧಾನವೇ ಸರಿ. ಎರಡರಲ್ಲೂ ತೇವಾಂಶವನ್ನು ಬೇರೆಯಾಗಿ ಕಾಣದಿದ್ದರೆ ಒಣ ಸಾಂದ್ರತೆ ಸಿಗದು.

ಹರಿವು: ಬಕೆಟ್ಟಿನಿಂದ ನಾಲೆಯವರೆಗೆ

ಗಾತ್ರಕ್ಕೂ ಹರಿವಿಗೂ ಇರುವ ನಂಟನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡುವುದು ಸುಲಭ, ಏಕೆಂದರೆ ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಕೆಆರ್‌ಎಸ್ ಮಟ್ಟ ಅಡಿಗಳಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಕ್ಯೂಸೆಕ್‌ನಲ್ಲಿ ಅಚ್ಚಾಗಿರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಆಗಿನ ಸಂಗ್ರಹ 49.45 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್, ಒಂದು ಕ್ಯೂಸೆಕ್. 11,574 ಕ್ಯೂಸೆಕ್ ನೀರು ಒಂದು ದಿನವಿಡೀ ಬಂದರೆ ಒಂದು ಟಿಎಂಸಿ ಸೇರುತ್ತದೆ. ಈ ಒಂದು ಲೆಕ್ಕವನ್ನು ತಾವೇ ಮಾಡಿ ನೋಡಿದ ವಿದ್ಯಾರ್ಥಿಗೆ ಏಕಮಾನಗಳ ಭಯ ಅಲ್ಲಿಗೇ ಅಡಗುತ್ತದೆ.

ಸಣ್ಣ ಹರಿವಿಗೆ ಬಕೆಟ್ ಮತ್ತು ಸ್ಟಾಪ್‌ವಾಚ್ ಸಾಕೋ, ನೀರು ಹಾಯಲು ವಿ ಆಕಾರದ ಕಚ್ಚು ಕತ್ತರಿಸಿದ ವಿ-ನಾಚ್ ತಗಡು ಕೂರಿಸಬೇಕೋ ಎಂಬುದನ್ನು ಲೆಕ್ಕದಿಂದಲೇ ತೀರ್ಮಾನಿಸಬಹುದು. 90 ಡಿಗ್ರಿಯ ವಿ-ನಾಚಿನಲ್ಲಿ ಹರಿವು ನೀರಿನ ಎತ್ತರದ ಎರಡೂವರೆಯನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಎತ್ತರವನ್ನು ಮೀಟರಿನಲ್ಲಿ ಬರೆದು ಆ ಘಾತಕ್ಕೇರಿಸಿ ಸುಮಾರು 1.38ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಸಿಗುತ್ತದೆ. ಎತ್ತರ 10 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ 4.4 ಲೀಟರ್. ಸ್ಕೇಲಿನಲ್ಲಿ ಒಂದು ಮಿ.ಮೀ. ತಪ್ಪಿದರೆ ಎತ್ತರದಲ್ಲಿ ನೂರಕ್ಕೆ ಒಂದು, ಹರಿವಿನಲ್ಲಿ ನೂರಕ್ಕೆ ಎರಡೂವರೆ. ಇದೇ ನೀರನ್ನು 20 ಲೀಟರಿನ ಬಕೆಟ್ಟಿಗೆ ಬಿಟ್ಟರೆ ನಾಲ್ಕೂವರೆ ಸೆಕೆಂಡಿನಲ್ಲಿ ತುಂಬಿಬಿಡುತ್ತದೆ. ಗುಂಡಿ ಒತ್ತುವ ಕೈ 0.3 ಸೆಕೆಂಡು ತಡಮಾಡಿದರೆ ನೂರಕ್ಕೆ ಆರಕ್ಕಿಂತ ಹೆಚ್ಚು ತಪ್ಪು. ನಾಚ್ ಗೆದ್ದಿತು. ಎತ್ತರ ಮೂರು ಸೆಂ.ಮೀ.ಗೆ ಇಳಿದಾಗ ಹರಿವು ಸೆಕೆಂಡಿಗೆ 0.2 ಲೀಟರಿನ ಆಸುಪಾಸು. ಅದೇ ಒಂದು ಮಿ.ಮೀ. ಈಗ ನೂರಕ್ಕೆ ಎಂಟರಷ್ಟು ತಪ್ಪು ತರುತ್ತದೆ, ಬಕೆಟ್ಟಾದರೋ ತುಂಬಲು ಒಂದೂವರೆ ನಿಮಿಷ ತೆಗೆದುಕೊಂಡು 0.3 ಸೆಕೆಂಡಿನ ತಡವನ್ನು ಲೆಕ್ಕಕ್ಕೇ ಬಾರದಂತೆ ಮಾಡುತ್ತದೆ. ಎರಡೂ ಸಮವಾಗುವುದು ಸೆಕೆಂಡಿಗೆ ಸುಮಾರು ಎರಡು ಲೀಟರಿನ ಬಳಿ. ಬಕೆಟ್ಟಿನ ಬದಲು 200 ಲೀಟರಿನ ಡ್ರಮ್ ಇಟ್ಟರೆ, ಅಥವಾ ಸ್ಕೇಲಿನ ಬದಲು ನೀರಿನ ಮಟ್ಟವನ್ನು ಇನ್ನೂ ನಿಖರವಾಗಿ ತೋರಿಸುವ ಕೊಕ್ಕೆ ಗೇಜ್ ಇಟ್ಟರೆ ಈ ಗಡಿ ಸರಿಯುತ್ತದೆ. ನಿಮ್ಮ ಬಳಿ ಇರುವುದಕ್ಕೆ ತಕ್ಕಂತೆ ನೀವೇ ಗಡಿಯನ್ನು ಕಂಡುಕೊಳ್ಳಿ.

ಆಯತಾಕಾರದ ನಾಚಿನಲ್ಲಿ ಘಾತ ಒಂದೂವರೆಯಾದ್ದರಿಂದ ತಪ್ಪು ಕಡಿಮೆ ಹಿಗ್ಗುತ್ತದೆ, ಹಾಗಾಗಿ ಅದೇ ಮೇಲು ಎಂದು ವಾದಿಸಿದವರುಂಟು. ವಾದದಲ್ಲಿ ಒಂದು ಕೊಂಡಿ ಕಳಚಿದೆ. 30 ಸೆಂ.ಮೀ. ಅಗಲದ ಆಯತ ನಾಚಿನ ಮೇಲೆ ಸೆಕೆಂಡಿಗೆ 0.2 ಲೀಟರ್ ಹರಿದರೆ ನೀರಿನ ಎತ್ತರ ಐದು ಮಿ.ಮೀ. ಮಾತ್ರ, ಅದರಲ್ಲಿ ಒಂದು ಮಿ.ಮೀ. ತಪ್ಪಿದರೆ ಹರಿವಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತಪ್ಪುತ್ತದೆ, ಅಷ್ಟು ತೆಳು ನೀರು ತಗಡಿಗೇ ಅಂಟಿಕೊಂಡು ಜಾರುವುದರಿಂದ ಸೂತ್ರವೂ ಕೈಕೊಡುತ್ತದೆ. ಸಣ್ಣ ಹರಿವಿಗೂ ಸಾಕಷ್ಟು ಎತ್ತರ ಕೊಡುವುದೇ ವಿ ಆಕಾರದ ಗುಣ. ದೊಡ್ಡದಾದ, ಹೆಚ್ಚು ಏರಿಳಿತವಿಲ್ಲದ ಹರಿವಿಗೆ ಮಾತ್ರ ಆಯತ.

ಹೊರಗೆ ಹೊಲದ ಕಾಲುವೆಯಲ್ಲಿ ಕಥೆ ಬೇರೆ. ವಿಶ್ವೇಶ್ವರಯ್ಯ ನಾಲೆಯ ಒಂದು ಹೊಲಗಾಲುವೆಗೆ ನಮ್ಮ ತಂಡ ವಿ-ನಾಚ್ ತಗಡು ಕೂರಿಸಿ ಬೆಳಗಿನಿಂದ ಮಧ್ಯಾಹ್ನದವರೆಗೆ ಓದು ಬರೆದುಕೊಂಡಿತು. ಕೆಳಗಡೆ ಬೆಳೆದಿದ್ದ ಜೊಂಡು ನೀರನ್ನು ತಡೆದು, ತಗಡಿನ ಆಚೆಯ ಮಟ್ಟವೂ ನಾಚಿನ ಮೂಲೆಗಿಂತ ಮೇಲಕ್ಕೇರಿತ್ತು. ನೀರು ಸ್ವತಂತ್ರವಾಗಿ ಧುಮುಕದಿದ್ದ ಮೇಲೆ ಸೂತ್ರ ಅನ್ವಯಿಸುವುದಿಲ್ಲ. ಅಷ್ಟೂ ಓದು ವ್ಯರ್ಥವಾಯಿತು. ತಗಡು ಇಡುವ ಮುನ್ನ ಅಷ್ಟು ಇಳಿಜಾರು ಇದೆಯೇ ಎಂದು ನಾನೇ ನೋಡಬೇಕಿತ್ತು. ಎತ್ತರವನ್ನೂ ನಾಚಿನ ಬಾಯಲ್ಲಿ ಓದಬಾರದು, ಅಲ್ಲಿ ನೀರು ಇಳಿಮುಖವಾಗಿರುತ್ತದೆ; ಗರಿಷ್ಠ ಎತ್ತರದ ನಾಲ್ಕು ಪಟ್ಟು ದೂರ ಹಿಂದಕ್ಕೆ ಸರಿದು ಓದಬೇಕು. ಇಳಿಜಾರು ಕಡಿಮೆಯಿದ್ದಲ್ಲಿ ಪಾರ್ಷಲ್ ಫ್ಲೂಮ್ ಎಂಬ, ನಡುವೆ ಕಿರಿದಾಗುವ ತೆರೆದ ದೋಣಿ ಒಳ್ಳೆಯದು. ನಾಚಿಗೆ ಬೇಕಾದ ಮಟ್ಟದ ಇಳಿಕೆಯ ಕಾಲು ಭಾಗದಲ್ಲೇ ಅದು ಕೆಲಸ ಮಾಡುತ್ತದೆ, ಹೂಳೂ ನಿಲ್ಲುವುದಿಲ್ಲ.

ಅದೂ ಇಲ್ಲದಿದ್ದರೆ ತೇಲುವ ವಸ್ತುವಿನ ವಿಧಾನ. ನೇರವಾದ ಹತ್ತು ಮೀಟರ್ ಅಳೆದು, ಅಡ್ಡಲಾಗಿ ಐದಾರು ಕಡೆ ಆಳ ನೋಡಿ, ಒಂದು ನಿಂಬೆಹಣ್ಣನ್ನು ಬಿಟ್ಟು ಹೊತ್ತು ಹಿಡಿಯಿರಿ. ಒಣ ಎಲೆ, ಥರ್ಮೋಕೋಲ್ ಬೇಡ, ಅವು ನೀರಿಗಿಂತ ಗಾಳಿಯ ಮಾತನ್ನು ಹೆಚ್ಚು ಕೇಳುತ್ತವೆ. ನಿಂಬೆ ಬಹುಪಾಲು ಮುಳುಗಿ ತೇಲುತ್ತದೆ. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿದರೆ ಸರಾಸರಿ ವೇಗ ಎಂದು ಹಿಡಿಯುತ್ತಾರೆ, ಆದರೆ ಆಳವಿಲ್ಲದ, ಕಳೆ ತುಂಬಿದ ಕಾಲುವೆಯಲ್ಲಿ ಈ ಗುಣಕ ಇನ್ನೂ ಕಡಿಮೆ. ನೀರಿನ ವೇಗ ಅಳೆಯುವ ಕರೆಂಟ್ ಮೀಟರ್ ಸಿಕ್ಕಿದರೆ ಮೇಲ್ಮೈಯಿಂದ ಆಳದ 0.6 ಭಾಗದಲ್ಲಿ ಹಿಡಿದ ಒಂದೇ ಓದು ಇದಕ್ಕಿಂತ ಎಷ್ಟೋ ವಾಸಿ.

ಕೊಳವೆಯೊಳಗಿನ ಹರಿವಿಗೆ ವೆಂಚುರಿ (ನಡುವೆ ಮೆಲ್ಲಗೆ ಕಿರಿದಾಗುವ ಕೊಳವೆ), ಆರಿಫಿಸ್ (ನಡುವೆ ತೂತಿರುವ ತಗಡು), ರೋಟಾಮೀಟರ್ (ಹರಿವಿಗೆ ತಕ್ಕಂತೆ ಒಳಗಿನ ತೇಲು ಮೇಲೇರುವ ಕೊಳವೆ) ಮೂರೂ ಪ್ರತಿಯೊಂದು ಫ್ಲೂಯಿಡ್ ಲ್ಯಾಬಿನಲ್ಲಿವೆ. ಆರಿಫಿಸ್ ತಗಡು ಅಗ್ಗ, ಜಾಗ ಕಡಿಮೆ; ಅದರ ವಿಸರ್ಜನ ಗುಣಾಂಕ, ಅಂದರೆ ಲೆಕ್ಕದ ಹರಿವಿನಲ್ಲಿ ನಿಜಕ್ಕೂ ಹರಿಯುವ ಪಾಲು, 0.6ರ ಸುತ್ತ, ಒತ್ತಡದ ವ್ಯತ್ಯಾಸದಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಿ ಸಿಗುವುದಿಲ್ಲ. ವೆಂಚುರಿಯ ಗುಣಾಂಕ 0.95ರಿಂದ 0.98, ನಷ್ಟ ಕಡಿಮೆ, ಬೆಲೆ ಹೆಚ್ಚು. ಎರಡಕ್ಕೂ ಒಂದೇ ಕುಂದು: ಹರಿವು ಕಾಲು ಭಾಗಕ್ಕಿಳಿದರೆ, ಒತ್ತಡ ತೋರಿಸುವ ಮ್ಯಾನೋಮೀಟರಿನ ಎರಡು ಕೊಳವೆಗಳ ಮಟ್ಟದ ವ್ಯತ್ಯಾಸ ಹದಿನಾರನೆಯ ಒಂದು ಭಾಗಕ್ಕಿಳಿಯುತ್ತದೆ. ಪೂರ್ಣ ಹರಿವಿನಲ್ಲಿ 40 ಸೆಂ.ಮೀ. ಇದ್ದದ್ದು ಎರಡೂವರೆಗೆ ಬಂದಾಗ ಎರಡು ಕೊಳವೆಗಳಲ್ಲಿ ತಲಾ ಒಂದು ಮಿ.ಮೀ. ತಪ್ಪಿದರೆ ಹರಿವಿನಲ್ಲಿ ನೂರಕ್ಕೆ ನಾಲ್ಕು ತಪ್ಪು. ರೋಟಾಮೀಟರಿನ ಗೆರೆಗಳು ಹೆಚ್ಚುಕಡಿಮೆ ಸಮಾನ ಅಂತರದವು, ಹತ್ತಕ್ಕೆ ಒಂದರವರೆಗೂ ಓದಬಹುದು. ಆದರೆ ಅದು ನೆಟ್ಟಗೆ ನಿಂತಿರಬೇಕು, ನೀರಿಗೆ ಗುರುತು ಹಾಕಿದ್ದರಲ್ಲಿ ಕಬ್ಬಿನ ಹಾಲು ಹರಿಸಿ ಅದೇ ಸಂಖ್ಯೆಯನ್ನು ನಂಬಬಾರದು.

ಈಚಿನ ಮಕ್ಕಳ ಅಚ್ಚುಮೆಚ್ಚು ವೈಎಫ್-ಎಸ್201 ಎಂಬ ಪುಟ್ಟ ಸೆನ್ಸರ್. ಒಳಗಿನ ಚಕ್ರ ತಿರುಗಿದಂತೆ ಲೀಟರಿಗೆ ಸುಮಾರು 450 ಸ್ಪಂದನ ಕೊಡುತ್ತದೆ, ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ನೇರವಾಗಿ ಜೋಡಿಸಬಹುದು. ಅದರ ವ್ಯಾಪ್ತಿ ನಿಮಿಷಕ್ಕೆ ಒಂದರಿಂದ ಮೂವತ್ತು ಲೀಟರ್. ಹನಿ ನೀರಾವರಿಯ ಪ್ರಾಜೆಕ್ಟ್ ಮಾಡುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು ಗಂಟೆಗೆ ನಾಲ್ಕು ಲೀಟರಿನ ಹತ್ತು ಡ್ರಿಪ್ಪರ್ ಇದ್ದ ಸಾಲಿಗೆ ಅದನ್ನು ಜೋಡಿಸಿ, ಪರದೆಯ ಮೇಲೆ ಬರೀ ಸೊನ್ನೆ ಬರುತ್ತಿದೆ ಎಂದು ತಂತಿಗಳನ್ನು ಎರಡು ದಿನ ಬದಲಾಯಿಸಿದರು. ಹತ್ತೂ ಸೇರಿ ನಿಮಿಷಕ್ಕೆ 0.67 ಲೀಟರ್, ಚಕ್ರ ತಿರುಗಲು ಅಷ್ಟು ಸಾಲದು, ಕಡೇಪಕ್ಷ ಹದಿನೈದು ಡ್ರಿಪ್ಪರ್ ಬೇಕು. ಮೂರನೆಯ ದಿನ ಪ್ರತಿ ಡ್ರಿಪ್ಪರಿನ ಕೆಳಗೂ ಒಂದೊಂದು ಡಬ್ಬಿಯಿಟ್ಟು ಆರು ನಿಮಿಷ ಹಿಡಿದು, ಅರ್ಧ ಲೀಟರಿನ ಜಾಡಿಯಲ್ಲಿ ಅಳೆದರು. ಒಂಬತ್ತರಲ್ಲಿ 400 ಮಿ.ಲೀ.ಗೆ ಹತ್ತಿರ ಬಂತು. ಏಳನೆಯದರಲ್ಲಿ ಮಾತ್ರ 250. ಬಿಚ್ಚಿ ನೋಡಿದರೆ ಒಳಗೆ ಮರಳಿನ ಒಂದು ಕಣ ಕುಳಿತಿತ್ತು.